ಮೂತ್ರಪಿಂಡ ಮತ್ತು ಮಗುವಿನ ಊಟ

ರೋಣ ತಾಲ್ಲೂಕಿನ ಹೊಳೆಆಲೂರು ಮಲಪ್ರಭಾ ನದಿಯ ದಡದಲ್ಲಿದೆ. ಕಾಲುವೆ ನೀರಾವರಿಯನ್ನು ಕಂಡ ಈ ಸೀಮೆಯ ರೈತರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ. ಹಲವು ಕಾಲುವೆಗಳಲ್ಲಿ ಕೆಲವು ಹೂಳು ತುಂಬಿ ಮುಚ್ಚಿದರೆ, ನೀರಿನ ಭಾರವೆಲ್ಲ ಉಳಿದವುಗಳ ಮೇಲೆ ಬೀಳುತ್ತದೆ; ಕಾಲಕ್ರಮದಲ್ಲಿ ಅವುಗಳ ದಂಡೆಯೂ ಕೊರೆದುಹೋಗುತ್ತದೆ. ರೋಗಕ್ಕೀಡಾದ ಮೂತ್ರಪಿಂಡದ ಗತಿಯೂ ಹೀಗೆಯೇ.

ಮನುಷ್ಯನ ಎರಡು ಮೂತ್ರಪಿಂಡಗಳಲ್ಲಿ ಒಂದೊಂದರಲ್ಲಿಯೂ ರಕ್ತವನ್ನು ಸೋಸುವ ಸುಮಾರು 10 ಲಕ್ಷ ಸೂಕ್ಷ್ಮ ಘಟಕಗಳಿರುತ್ತವೆ. ಇವುಗಳಿಗೆ ನೆಫ್ರಾನ್ ಎಂದು ಹೆಸರು. ದಿನ ತುಂಬಿ ಹುಟ್ಟಿದ ಮಗುವಿನಲ್ಲಿ ಹೊಸ ನೆಫ್ರಾನ್‌ಗಳು ಮುಂದೆ ಮೂಡುವುದಿಲ್ಲ. ಹುಟ್ಟಿನಿಂದ ಬಂದ ರಚನಾದೋಷ, ಮೂತ್ರಮಾರ್ಗದ ತಡೆ ಮುಂತಾದ ಕಾರಣಗಳಿಂದ ಕೆಲವು ನಾಶವಾದಾಗ, ಉಳಿದವು ಅತಿಯಾಗಿ ದುಡಿದು ಸವೆಯುತ್ತವೆ. ರಕ್ತದೊತ್ತಡ ಏರಿದರೆ ಈ ಸವೆತ ತೀವ್ರವಾಗುತ್ತದೆ. ಔಷಧಗಳಿಂದ ಮಕ್ಕಳ ರಕ್ತದೊತ್ತಡವನ್ನು ಕಟ್ಟುನಿಟ್ಟಾಗಿ ಹತೋಟಿಯಲ್ಲಿಟ್ಟರೆ ರೋಗದ ಮುನ್ನಡೆ ನಿಧಾನವಾಗುತ್ತದೆಂದು 2009ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದು ತೋರಿಸಿತು.

ಒತ್ತಡವನ್ನು ಏರಿಸುವುದರಲ್ಲಿ ಉಪ್ಪಿನ ಪಾತ್ರ ದೊಡ್ಡದು. ಜೋಳದ ರೊಟ್ಟಿಯಲ್ಲಿ ಉಪ್ಪು ಕಡಿಮೆ. ಅದರ ಜೊತೆಗೆ ಬರುವ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳಲ್ಲಿ ಹೆಚ್ಚು. ಅಂಗಡಿಯ ಪೊಟ್ಟಣದ ತಿಂಡಿಗಳಲ್ಲಿಯೂ ಉಪ್ಪು ಅಧಿಕ. ಆದರೆ ಕೆಲವು ಮಕ್ಕಳ ಮೂತ್ರದಲ್ಲಿ ಉಪ್ಪು ವಿಪರೀತವಾಗಿ ಸೋರಿಹೋಗುತ್ತದೆ. ಅಂಥವರಿಗೆ ಉಪ್ಪನ್ನೂ ನೀರನ್ನೂ ಹೆಚ್ಚಾಗಿಯೇ ಕೊಡಬೇಕಾಗುತ್ತದೆ. ಒಬ್ಬರ ಪಥ್ಯ ಇನ್ನೊಬ್ಬರಿಗೆ ಅಪಥ್ಯವಾಗಬಹುದು.

ಬೇಳೆ, ಹಾಲು, ಮೊಟ್ಟೆಗಳಲ್ಲಿರುವ ಸಸಾರಜನಕವನ್ನು ಕಡಿತಗೊಳಿಸಿದರೆ ಮೂತ್ರಪಿಂಡ ಉಳಿಯುತ್ತದೆಂಬ ನಂಬಿಕೆಯೊಂದಿತ್ತು. ಯುರೋಪಿನ ಹಲವು ಆಸ್ಪತ್ರೆಗಳಲ್ಲಿ ಮಕ್ಕಳಿಗೆ ಎರಡು ವರ್ಷ ಅಂಥ ಆಹಾರವನ್ನಿತ್ತು ಪರೀಕ್ಷಿಸಿದರು. 1997ರಲ್ಲಿ ಹೊರಬಂದ ಫಲಿತಾಂಶದಂತೆ, ಅದರಿಂದ ರೋಗದ ವೇಗ ತಗ್ಗಲಿಲ್ಲ. ಬೆಳೆಯುವ ಮಗುವಿಗೆ ವಯಸ್ಸಿಗೆ ತಕ್ಕ ಸಸಾರಜನಕ ಬೇಕೇ ಬೇಕು. ಪಥ್ಯವೆಂಬ ಹೆಸರಿನಲ್ಲಿ ಮಗುವನ್ನು ಅರೆಹೊಟ್ಟೆಯಲ್ಲಿ ಇರಿಸಿದರೆ ರೋಗವೂ ಉಳಿಯುತ್ತದೆ, ಬೆಳವಣಿಗೆಯೂ ಕುಂಠಿತವಾಗುತ್ತದೆ.

ಎಳನೀರು ರೋಗಿಗಳಿಗೆಲ್ಲ ಹಿತವೆಂಬುದು ಜನರ ಭಾವನೆ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ. ಸೊರಗಿದ ಮೂತ್ರಪಿಂಡ ಅದನ್ನು ಹೊರಹಾಕದಿದ್ದರೆ ಹೃದಯವೇ ನಿಲ್ಲುವ ಅಪಾಯವುಂಟು. ರಕ್ತಪರೀಕ್ಷೆಯಲ್ಲಿ ಅದರ ಪ್ರಮಾಣ ಏರಿರುವುದು ಕಂಡಾಗ ವೈದ್ಯರು ಎಳನೀರು, ಬಾಳೆಹಣ್ಣುಗಳನ್ನು ನಿಷೇಧಿಸುತ್ತಾರೆ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಕುದಿಸಿ, ಆ ನೀರನ್ನು ಚೆಲ್ಲಿ ಬಳಸಲು ಹೇಳುತ್ತಾರೆ.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬುದು ಹಿರಿಯರ ಮಾತು. ಪಥ್ಯವೊಂದರಿಂದಲೇ ಈ ರೋಗ ವಾಸಿಯಾಗದು. ಆದರೂ ಪರೀಕ್ಷೆಯ ಫಲಿತಾಂಶವನ್ನು ನೋಡಿ ವೈದ್ಯರು ಹೇಳಿದ ಅಳತೆಯಂತೆ ತಾಯಿ ಬಡಿಸಿದರೆ, ಉಳಿದ ನೆಫ್ರಾನ್‌ಗಳ ಭಾರ ಹಗುರಾಗುತ್ತದೆ. ಮಗು ಶಾಲೆಗೆ ಹೋಗಿ, ಆಡಿ, ಬೆಳೆಯಲು ಕಾಲ ದೊರೆಯುತ್ತದೆ.