ಬ್ಯಾಂಕಿನ ಬಾಗಿಲು, ಕಂಪನಿಯ ಬಾಗಿಲು: ತಟ್ಟುವುದು ಹೇಗೆ?



ಈ ತಿಂಗಳ ಸಭೆಯಲ್ಲಿ ಉಳಿತಾಯ ಕಟ್ಟಿ, ಸಾಲದ ಕಂತು ಬರೆದುಕೊಂಡ ಮೇಲೆ ಅರ್ಧ ಗಂಟೆ ಈ ಪಾಠಕ್ಕೆ ಕೊಡಿ. ಓದು ಬರುವವರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಕೊನೆಯ ಪ್ರಶ್ನೆಗಳಿಗೆ ಎಲ್ಲರೂ ಬಾಯಿ ಬಿಟ್ಟು ಉತ್ತರ ಹೇಳಲಿ.

1. ನಮ್ಮ ಮನೆಯ ಕಥೆ

ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ 2011ರಲ್ಲಿ ಜಿ.ಐ. ಗುರುತು ಸಿಕ್ಕಿತು. ಚಳ್ಳಕೆರೆಯ ಎಣ್ಣೆ ಗಿರಣಿ, ಕಂಬಳಿ ಅಂದರೆ ನಾಡಿಗೆಲ್ಲ ಗೊತ್ತು. ಆದರೆ ಆ ಸೀರೆಗೆ ಕಂಡಿಕೆ ಸುತ್ತಿದವರು ಯಾರು? ಕಂಬಳಿಗೆ ಉಣ್ಣೆ ನೂತವರು, ಹುಣಸೆಬೀಜದ ಗಂಜಿ ಹಚ್ಚಿದವರು ಯಾರು? ಶೇಂಗಾ ಬಿಡಿಸಿದವರು ಯಾರು? ನಾವೇ. ಊರಿಗೆ ಹೆಸರು ಬಂತು, ನಮಗೆ ದಿನದ ಕೂಲಿ ಬಂತು.

ಈಗ ಒಬ್ಬ ಅಕ್ಕ ಸ್ವಂತ ಮಗ್ಗ ಹಾಕಬೇಕು ಅಂತ ಬ್ಯಾಂಕಿಗೆ ಹೋದಳು ಅಂತಿಟ್ಟುಕೊಳ್ಳಿ. ಮಾತು ಹೇಗೆ ನಡೆಯುತ್ತದೆ?

"ಜಮೀನು ಯಾರ ಹೆಸರಲ್ಲಿದೆಯಮ್ಮಾ?"

"ನಮ್ಮ ಮಾವನ ಹೆಸರಾಗೈತೆ ಸಾರ್."

"ಜಾಮೀನು ಯಾರು ಹಾಕ್ತಾರೆ?"

"ಯಾರ್ ಹಾಕ್ತಾರೆ ಸಾರ್ ನಮಗೆ?"

"ಹಾಗಾದ್ರೆ ಮುಂದಿನ ವಾರ ಬನ್ನಿ."

ಮುಂದಿನ ವಾರ ಬರುವುದೇ ಇಲ್ಲ. ಅಕ್ಕ ಮನೆ ಬಾಗಿಲಿಗೆ ಬರುವ ಕಿರುಸಾಲದವರ ಹತ್ತಿರ ಹೆಚ್ಚಿನ ಬಡ್ಡಿಗೆ ಸಾಲ ತಗೋತಾಳೆ. ಒಂದು ಕಂತು ಕಟ್ಟಲು ಇನ್ನೊಂದು ಸಾಲ. ವಸೂಲಿಯ ಕಿರುಕುಳ ಎಷ್ಟು ಹೆಚ್ಚಿತೆಂದರೆ, ಅದನ್ನು ತಡೆಯಲು ನಮ್ಮ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಆ ಅಕ್ಕನಿಗೆ ಕೆಲಸ ಬರದೆ ಇಲ್ಲ. ಅವಳಿಗೆ ಇಲ್ಲದಿರುವುದು ನಾಲ್ಕು: ಹೆಸರಿನಲ್ಲಿ ಆಸ್ತಿ, ಕೈಯಲ್ಲಿ ಲೆಕ್ಕದ ದಾಖಲೆ, ಮಾಲು ಕೊಳ್ಳುವ ಗಿರಾಕಿ, ಅವಳ ಪರವಾಗಿ ಒಂದು ಮಾತು ಹೇಳುವ ಪರಿಚಯ. ಪರಿಶಿಷ್ಟ ಜಾತಿ, ಪಂಗಡದ ಹೆಣ್ಣುಮಕ್ಕಳಿಗೆ ಈ ನಾಲ್ಕೂ ಇನ್ನಷ್ಟು ದೂರ.

2. ದೂರದ ಅಕ್ಕತಂಗಿಯರ ಕಥೆ

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಅಮೆರಿಕದಲ್ಲಿ ಕಪ್ಪು ಜನರ ಹಿರಿಯರು ಗುಲಾಮರಾಗಿದ್ದವರು. ತಲೆಮಾರುಗಳ ಕಾಲ ದುಡಿದರೂ ಆಸ್ತಿ ಕೈಗೆ ಬರಲಿಲ್ಲ. ಇಂದಿಗೂ ಕಪ್ಪು ವ್ಯಾಪಾರಿಗಳ ಸಾಲದ ಅರ್ಜಿ ಬಿಳಿಯರ ಅರ್ಜಿಗಿಂತ ಹೆಚ್ಚು ಸಲ ತಿರಸ್ಕಾರವಾಗುತ್ತದೆ. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿ ಪೊಲೀಸರ ಕೈಯಲ್ಲಿ ಸತ್ತಾಗ ದೇಶವೇ ಬೀದಿಗಿಳಿಯಿತು. ಆಮೇಲೆ ದೊಡ್ಡ ದೊಡ್ಡ ಕಂಪನಿಗಳು ಕಪ್ಪು ಉದ್ಯಮಿಗಳಿಗೆ ಹಣ, ತರಬೇತಿ, ಆರ್ಡರ್ ಕೊಡುತ್ತೇವೆಂದು ಮಾತು ಕೊಟ್ಟವು.

ಅಟ್ಲಾಂಟಾ ನಗರದ ಫಿಯರ್‌ಲೆಸ್ ಫಂಡ್ ಎಂಬ ಸಂಸ್ಥೆಯನ್ನು ಕಪ್ಪು ಮಹಿಳೆಯರೇ ನಡೆಸುತ್ತಿದ್ದರು. ಅದು ಕಪ್ಪು ಮಹಿಳೆಯರ ಸಣ್ಣ ಉದ್ಯಮಗಳಿಗೆ 20,000 ಡಾಲರ್ ಸಹಾಯಧನ ಕೊಡುತ್ತಿತ್ತು. ಒಂದು ಜನಾಂಗಕ್ಕೆ ಮಾತ್ರ ಕೊಡುವುದು ತಪ್ಪು ಎಂದು 2023ರಲ್ಲಿ ಅದರ ಮೇಲೆ ಕೇಸು ಬಿತ್ತು. ಕೇಸಿಗೆ ಬಳಸಿದ್ದು 1866ರ ಕಾನೂನು. ಗುಲಾಮಗಿರಿಯಿಂದ ಬಿಡುಗಡೆಯಾದವರ ರಕ್ಷಣೆಗೆಂದೇ ಮಾಡಿದ ಕಾನೂನು ಅದು! 2024ರಲ್ಲಿ ಆ ಸಹಾಯಧನ ನಿಂತುಹೋಯಿತು.

ಇದರಿಂದ ಎರಡು ಪಾಠ. ಒಂದು, ದಾನವಾಗಿ ಬಂದ ಹಣ ಯಾವತ್ತು ಬೇಕಾದರೂ ನಿಲ್ಲಬಹುದು. ಎರಡು, ನಮ್ಮ ಸಂವಿಧಾನದ 15ನೇ ವಿಧಿಯಲ್ಲಿ ಮಹಿಳೆಯರಿಗೂ ಹಿಂದುಳಿದವರಿಗೂ ವಿಶೇಷ ಸೌಲಭ್ಯ ಮಾಡಲು ಅವಕಾಶ ಇದೆ. ಆ ಬಲ ನಮಗಿದೆ, ಬಳಸುವುದು ನಮ್ಮ ಕೈಯಲ್ಲಿದೆ.

3. ಹತ್ತಿರದ ಉದಾಹರಣೆ

ಹೊಸೂರು ನಮ್ಮ ಗಡಿಯ ಊರು. ಅಲ್ಲಿ ಟೈಟಾನ್ ವಾಚ್ ಕಾರ್ಖಾನೆ ಇದೆ. 1990ರ ದಶಕದಲ್ಲಿ ಮೈರಾಡ ಸಂಸ್ಥೆಯ ಸಂಘಗಳ ಹಳ್ಳಿ ಹೆಣ್ಣುಮಕ್ಕಳಿಗೆ ಟೈಟಾನ್ ಕಂಪನಿ ವಾಚಿನ ಚೈನು ಜೋಡಿಸುವ ಕೆಲಸ ಕೊಟ್ಟಿತು. ಕಂಪನಿ ಕೆಲಸ ಕಲಿಸಿತು, ಆರ್ಡರ್ ಕೊಟ್ಟಿತು, ಮಾಲು ಚೆನ್ನಾಗಿದೆಯಾ ಅಂತ ಪರೀಕ್ಷೆ ಮಾಡಿತು. ಹೆಣ್ಣುಮಕ್ಕಳು ಸೇರಿ 'ಮೆಡೋ' ಎಂಬ ತಮ್ಮದೇ ಕಂಪನಿ ಕಟ್ಟಿಕೊಂಡರು.

ಗಮನಿಸಿ, ಇಲ್ಲಿ ಕಂಪನಿ ದಾನ ಮಾಡಲಿಲ್ಲ, ವ್ಯಾಪಾರ ಮಾಡಿತು. ಚೈನು ಕಂಪನಿಗೂ ಬೇಕಿತ್ತು. ಹಾಗೆ ಇಬ್ಬರಿಗೂ ಬೇಕಾದ ಕೆಲಸಕ್ಕೆ ಬಾಳಿಕೆ ಹೆಚ್ಚು.

ದಲಿತ ಉದ್ಯಮಿಗಳೂ 2005ರಲ್ಲಿ ಪುಣೆಯಲ್ಲಿ ಡಿಕ್ಕಿ ಎಂಬ ತಮ್ಮದೇ ವಾಣಿಜ್ಯ ಸಂಘ ಕಟ್ಟಿದರು. ಒಬ್ಬೊಬ್ಬರೇ ಕೇಳಿದರೆ ಸಿಗದ್ದನ್ನು ಒಟ್ಟಾಗಿ ಕೇಳಿದರು.

4. ತಿಳಿದುಕೊಳ್ಳಬೇಕಾದ ನಿಯಮಗಳು

* ಎನ್.ಆರ್.ಎಲ್.ಎಂ. ಅಡಿಯ ಸ್ವಸಹಾಯ ಸಂಘಕ್ಕೆ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಬ್ಯಾಂಕು ಆಸ್ತಿ ಅಡಮಾನ ಕೇಳಬಾರದು. ಸಂಘದ ಉಳಿತಾಯ ಖಾತೆಯನ್ನು ಹಿಡಿದಿಟ್ಟುಕೊಳ್ಳಬಾರದು. ಇದು ರಿಸರ್ವ್ ಬ್ಯಾಂಕಿನ ನಿಯಮ.

* ಮುದ್ರಾ ಸಾಲ 2015ರಲ್ಲಿ ಶುರುವಾಯಿತು. 50,000 ರೂಪಾಯಿವರೆಗೆ 'ಶಿಶು', 5 ಲಕ್ಷದವರೆಗೆ 'ಕಿಶೋರ', 10 ಲಕ್ಷದವರೆಗೆ 'ತರುಣ'. ಇದಕ್ಕೂ ಅಡಮಾನ ಇಲ್ಲ.

* 2016ರ ಸ್ಟ್ಯಾಂಡ್ ಅಪ್ ಇಂಡಿಯಾ ಯೋಜನೆ ಪರಿಶಿಷ್ಟರಿಗೂ ಮಹಿಳೆಯರಿಗೂ 10 ಲಕ್ಷದಿಂದ 1 ಕೋಟಿಯವರೆಗೆ ಸಾಲ ಕೊಡುತ್ತಿತ್ತು. ಅದರ ಅವಧಿ 2025ರ ಮಾರ್ಚ್‌ಗೆ ಮುಗಿಯಿತು. ಆ ಹೆಸರು ಹೇಳಿಕೊಂಡು ಯಾರಾದರೂ ಕಮಿಷನ್ ಕೇಳಿದರೆ ಕೊಡಬೇಡಿ.

* ದೊಡ್ಡ ಲಾಭದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2 ರೂಪಾಯಿ ಸಮಾಜಕ್ಕೆ ಖರ್ಚು ಮಾಡಬೇಕು. 2013ರ ಕಂಪನಿ ಕಾಯ್ದೆಯ ಈ ನಿಯಮ 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಇದಕ್ಕೇ ಸಿ.ಎಸ್.ಆರ್. ಅನ್ನುತ್ತಾರೆ. ಮಹಿಳಾ ಸಬಲೀಕರಣ, ಜೀವನೋಪಾಯ ಇದರ ಪಟ್ಟಿಯಲ್ಲಿವೆ. ಕಂಪನಿ ತಾನು ಕೆಲಸ ಮಾಡುವ ಸುತ್ತಮುತ್ತಲ ಊರಿಗೆ ಆದ್ಯತೆ ಕೊಡಬೇಕು ಎಂದೂ ಇದೆ. ನಮ್ಮ ಜಿಲ್ಲೆಯ ಗುಡ್ಡದ ಮೇಲೆ ಗಾಳಿಯಂತ್ರ ತಿರುಗುತ್ತಿವೆ. ಅವು ಯಾರವು ಅಂತ ನಾವು ಎಂದಾದರೂ ಕೇಳಿದ್ದೇವಾ? ಆದರೆ ಈ ಹಣ ಸಂಘದ ಕೈಗೆ ನೇರವಾಗಿ ಬರುವುದಿಲ್ಲ. ಕಂಪನಿ ತಾನೇ ಕೆಲಸ ಮಾಡಿಸಬೇಕು, ಇಲ್ಲವೇ ಅದಕ್ಕೆಂದು ನೋಂದಣಿಯಾದ ಸಂಸ್ಥೆಯ ಮೂಲಕ ಮಾಡಿಸಬೇಕು. ಅದಕ್ಕೇ ಒಕ್ಕೂಟ ಬೇಕು.

5. ಸಂಘ ಮಾಡಬೇಕಾದ ಕೆಲಸ

ಮೊದಲು ಪುಸ್ತಕ. ನಡಾವಳಿ ಪುಸ್ತಕ, ಉಳಿತಾಯದ ಲೆಕ್ಕ, ಸಾಲದ ಲೆಕ್ಕ ಮೂರೂ ಸರಿ ಇದ್ದರೆ ಅದೇ ನಮ್ಮ ಜಾಮೀನು. ಕೂಲಿ ಕೆಲಸಕ್ಕೂ ತಾರೀಖು, ಎಷ್ಟು ಮಾಡಿದೆವು, ಎಷ್ಟು ಬಂತು ಅಂತ ಬರೆದಿಡಿ.

ಎರಡನೆಯದು, ಬಾಯಿಮಾತಿನಲ್ಲಿ ಸಾಲ ಕೇಳಬೇಡಿ. ಅರ್ಜಿ ಬರೆದು ಕೊಟ್ಟು, ತಲುಪಿದೆ ಅಂತ ಸೀಲು ಹಾಕಿಸಿಕೊಳ್ಳಿ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮಾಹಿತಿಗೆ ಫೋನ್ 14448. ಖರ್ಚಿಲ್ಲ.

ಮೂರನೆಯದು, ಕಂಪನಿಯ ಹತ್ತಿರ ಹೋದಾಗ "ಏನಾದರೂ ಸಹಾಯ ಮಾಡಿ" ಅನ್ನಬೇಡಿ. "ನಮ್ಮಲ್ಲಿ ಹೊಲಿಗೆ ಬರುವವರು ಇಷ್ಟು ಜನ ಇದ್ದೇವೆ, ನಿಮ್ಮ ಕೆಲಸಗಾರರ ಸಮವಸ್ತ್ರದ ಆರ್ಡರ್ ಕೊಡಿ" ಅನ್ನಿ. ಕಂಬಳಿ, ಶೇಂಗಾ ಚಟ್ನಿಪುಡಿ, ರೊಟ್ಟಿ ಯಾವುದಾದರೂ ಸರಿ. ಕೊಡುವ ಮಾಲು ಮಾತ್ರ ಮೊದಲ ದಿನದಂತೆ ಕೊನೇ ದಿನವೂ ಇರಬೇಕು.

6. ಚರ್ಚೆಗೆ ಪ್ರಶ್ನೆಗಳು

ಅ) ನಮ್ಮ ಸಂಘದಲ್ಲಿ ಸ್ವಂತ ಹೆಸರಿನಲ್ಲಿ ಮನೆ ಅಥವಾ ಜಮೀನು ಇರುವವರು ಎಷ್ಟು ಜನ?

ಆ) ಯಾರಿಗಾದರೂ ಬ್ಯಾಂಕು ಸಾಲ ಇಲ್ಲ ಅಂದಿದೆಯಾ? ಕಾರಣ ಏನು ಹೇಳಿದರು? ಬರೆದು ಕೊಟ್ಟರಾ?

ಇ) ನಮ್ಮ ಊರಿನ ಹತ್ತು ಕಿಲೋಮೀಟರ್ ಒಳಗೆ ಯಾವ ಕಂಪನಿ, ಗಿರಣಿ ಇವೆ? ನಮ್ಮಿಂದ ಅವು ಏನು ಕೊಳ್ಳಬಹುದು?

ಈ) ಒಂದು ಕೆಲಸ ಆರಿಸಿ, ಯಾರು ಹೋಗುವುದು, ಯಾವತ್ತು ಅಂತ ಠರಾವು ಬರೆಯಿರಿ.

ಬೈಬಲಿನಲ್ಲಿ ಯೇಸುಸ್ವಾಮಿ ಹೇಳಿದ ಒಬ್ಬ ಬಡ ವಿಧವೆಯ ಸಾಮತಿ ಇದೆ. ಯಾರಿಗೂ ಹೆದರದ ನ್ಯಾಯಾಧೀಶ ಅವಳ ಮಾತು ಕೇಳುತ್ತಿರಲಿಲ್ಲ. ಅವಳು ಬಿಡದೆ ಮತ್ತೆ ಮತ್ತೆ ಹೋದಳು. ಕೊನೆಗೆ ಅವನೇ ಸೋತು ನ್ಯಾಯ ಕೊಟ್ಟ. ಅವಳು ಒಬ್ಬಳೇ ಇದ್ದಳು. ನಾವು ಸಂಘಕ್ಕೆ ಹದಿನೈದು, ಇಪ್ಪತ್ತು ಜನ ಇದ್ದೇವೆ. "ಮುಂದಿನ ವಾರ ಬನ್ನಿ" ಅಂದರೆ, ಮುಂದಿನ ವಾರ ಎಲ್ಲರೂ ಸೇರಿ ಹೋಗೋಣ.