ಹಳ್ಳಿಕಾರ್ ಮಂದೆಗೆ ಹೊಸ ಹೋರಿಯನ್ನು ಆರಿಸುವದು

ಹಸುವೊಂದು ವರುಷಕ್ಕೆ ಹೆಚ್ಚೆಂದರೆ ಒಂದು ಕರುವನ್ನು ಈಯುವದು. ಹೋರಿಯಾದರೋ ಮಂದೆಯ ಸಕಲ ಕರುಗಳಿಗೂ ತಂದೆಯಾಗುವದು. ಆದಕಾರಣ ಹಸುವಿನ ಕುಂದು ಒಂದು ಕರುವಿಗೆ ತಗಲಿದರೆ, ಹೋರಿಯ ಕುಂದು ಮಂದೆಗೆಲ್ಲಾ ತಗಲುವದು.

1. ಕಾಲ. “ಹೋರಿ ಇನ್ನೂ ಗಟ್ಟಿಯಾಗಿದೆಯಲ್ಲಾ, ಬದಲಾಯಿಸುವದೇಕೆ?” ಎಂದು ಅನೇಕರು ಕೇಳುತ್ತಾರೆ. ಅದರ ಬಲವನ್ನಲ್ಲ, ಅದಕ್ಕೆ ಹುಟ್ಟಿದ ಕಡಸುಗಳನ್ನು ನೋಡಿರಿ. ಹಳ್ಳಿಕಾರ್ ಕಡಸುಗಳು ಸಾಧಾರಣವಾಗಿ ಸುಮಾರು 3 ವರುಷಕ್ಕೆ ಬೆದೆಗೆ ಬರುವವು. ಅವುಗಳನ್ನು ತಂದೆಗೇ ಬಿಟ್ಟರೆ ಗರ್ಭ ನಿಲ್ಲುವದು ಕಡಿಮೆಯಾಗಿ, ಹುಟ್ಟುವ ಕರುಗಳೂ ಬಲಹೀನವಾಗುವವು. ಅದಕ್ಕೆ ಮೊದಲೇ ಹೋರಿಯನ್ನು ಬದಲಾಯಿಸತಕ್ಕದ್ದು. ಅದರ ಗಂಡುಕರುವನ್ನೇ ಬೆಳಸಿ ನಿಲ್ಲಿಸುವದೂ ಸರಿಯಲ್ಲ. ಯಾಕಂದರೆ ಅದು ತಾಯಿಯನ್ನೂ ಒಡಹುಟ್ಟಿದ ಕಡಸುಗಳನ್ನೂ ಕೂಡುವದು.

2. ಲಕ್ಷಣ. ಕೊಂಬಿನ ಅಂದಕ್ಕೂ ಮೈಬಣ್ಣಕ್ಕೂ ಮರುಳಾಗಬೇಡಿರಿ. ಹೋರಿಯನ್ನು ನಡಿಸಿ ಕಾಲುಗಳನ್ನೂ ಗೊರಸುಗಳನ್ನೂ ನೋಡಿರಿ. ಬೀಜಗಳೆರಡೂ ಸಮವಾಗಿಯೂ ಗಟ್ಟಿಯಾಗಿಯೂ ಇರಬೇಕು. ಅದರ ತಾಯಿಯು ತಪ್ಪದೆ ಈದದ್ದೋ, ಸಾಧುವೋ ಎಂಬದನ್ನು ವಿಚಾರಿಸಿರಿ.

3. ರೋಗ. ಕಂದುಹಾಕುವ ರೋಗವು ಹೋರಿಯ ಮೈಯಲ್ಲಿ ಅಡಗಿದ್ದು, ಮಂದೆಗೂ ಅದನ್ನು ಸಾಕುವವರಿಗೂ ಹರಡಬಲ್ಲದು. ಪಶುವೈದ್ಯರಿಂದ ರಕ್ತಪರೀಕ್ಷೆ ಮಾಡಿಸಿ, 30 ದಿನ ಬೇರೆ ಕಟ್ಟಿ, ಆಮೇಲೆಯೇ ಮಂದೆಗೆ ಬಿಡಿರಿ.

ಹಣವಿಲ್ಲದವರು ಏನು ಮಾಡಬೇಕು? ದೂರದ ಊರಿನವರೊಡನೆ, ಎರಡು ಹೋರಿಗಳನ್ನೂ ಪರೀಕ್ಷಿಸಿದ ಮೇಲೆ, ಅದಲುಬದಲು ಮಾಡಿಕೊಳ್ಳಬಹುದು.

ಪ್ರಶ್ನೆಗಳು: ನಿಮ್ಮ ಹೋರಿಗೆ ಹುಟ್ಟಿದ ಕಡಸುಗಳೆಷ್ಟು? ಅವುಗಳಲ್ಲಿ ಹಿರಿಯದಕ್ಕೆ ವಯಸ್ಸೆಷ್ಟು? ಅದು ಬೆದೆಗೆ ಬಂದಾಗ ಯಾವ ಹೋರಿಗೆ ಬಿಡುವಿರಿ?