ಪಕ್ಷಾಂತರ: ತೆಲಂಗಾಣದ ಲೆಕ್ಕ

ಹೈದರಾಬಾದಿನ ಸುಲ್ತಾನ್ ಬಜಾರ್, ಕೋಠಿಯ ಪುಸ್ತಕದಂಗಡಿಗಳಲ್ಲಿ ಪರೀಕ್ಷೆಯ ಗೈಡು ಕೊಂಡವರೆಲ್ಲ ಪಕ್ಷಾಂತರ ನಿಷೇಧ ಕಾಯ್ದೆ ಎಂದರೆ ‘10ನೇ ಅನುಸೂಚಿ, 52ನೇ ತಿದ್ದುಪಡಿ, 1985’ ಎಂದು ಬಾಯಿಪಾಠ ಮಾಡುತ್ತಾರೆ. ಅಷ್ಟು ಸಾಲದು, ಅದೇ ಊರಿನ ವಿಧಾನಸಭೆಯನ್ನು ನೋಡಿ.

2018ರಲ್ಲಿ ಕಾಂಗ್ರೆಸ್ ಗೆದ್ದದ್ದು 19 ಸ್ಥಾನ. ಉತ್ತಮ್ ಕುಮಾರ್ ರೆಡ್ಡಿ ಸಂಸದರಾಗಿ ಶಾಸಕ ಸ್ಥಾನ ಬಿಟ್ಟಾಗ ಉಳಿದವರು 18. ವಿಲೀನಕ್ಕೆ ಬೇಕಾದ ಮೂರನೇ ಎರಡು ಭಾಗ ಎಂದರೆ 12. 2019ರ ಜೂನ್‌ನಲ್ಲಿ ಸರಿಯಾಗಿ 12 ಮಂದಿ ಆಗ ಆಳುತ್ತಿದ್ದ ಟಿಆರ್‌ಎಸ್‌ನಲ್ಲಿ ವಿಲೀನವಾದರು. ಮೂರನೇ ಒಂದರ ‘ವಿಭಜನೆ’ಗಿದ್ದ ರಕ್ಷಣೆಯನ್ನು 91ನೇ ತಿದ್ದುಪಡಿ (2003) ತೆಗೆದಿತ್ತು, ವಿಲೀನದ್ದನ್ನು ಮುಟ್ಟಿರಲಿಲ್ಲ. ಕಾಯ್ದೆಯ ದೊಡ್ಡ ದೋಷ ಇದೇ: ಒಬ್ಬ ಹೋದರೆ ಅಪರಾಧ, ಗುಂಪು ಹೋದರೆ ಸಿಂಧು.

ಪಕ್ಷಾಂತರಕ್ಕೆ ಕಾರಣ ಕೇಳಿದರೆ ‘ಹಣ’ ಎಂದಷ್ಟೇ ಬರೆಯಬೇಡಿ. ಮಂತ್ರಿಗಿರಿ, ನಿಗಮದ ಅಧ್ಯಕ್ಷಗಿರಿ, ಕ್ಷೇತ್ರಕ್ಕೆ ಅನುದಾನ, ಮುಂದಿನ ಟಿಕೆಟ್ ಎಲ್ಲವೂ ಆಳುವ ಪಕ್ಷದ ಕೈಯಲ್ಲಿವೆ. ಮತ ಕೊಟ್ಟವರನ್ನು ಮಾತ್ರ ಯಾರೂ ಕೇಳುವುದಿಲ್ಲ.

ಕಾಂಗ್ರೆಸ್ ಅಧಿಕಾರದಲ್ಲಿದ್ದ 2024ರಲ್ಲಿ ಗಾಳಿ ತಿರುಗಿತು. ಬಿಆರ್‌ಎಸ್‌ನ (ಹಿಂದಿನ ಟಿಆರ್‌ಎಸ್) ಖೈರತಾಬಾದ್ ಶಾಸಕ ದಾನಂ ನಾಗೇಂದರ್ ಕಾಂಗ್ರೆಸ್ ಟಿಕೆಟ್‌ನಲ್ಲಿ ಸಿಕಂದರಾಬಾದ್ ಲೋಕಸಭೆಗೆ ನಿಂತರು. ಅವರೂ ಸೇರಿ 10 ಶಾಸಕರ ವಿರುದ್ಧ ಅನರ್ಹತೆ ಅರ್ಜಿಗಳು ಬಂದವು. ಸ್ಪೀಕರ್ 3 ತಿಂಗಳೊಳಗೆ ತೀರ್ಮಾನಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈ 31ರಂದು ಆದೇಶಿಸಿತು.